ಜಡ್ಜ್ ಸಾಹೇಬರು ತರಬೇಕಾದ ಒಂದು ಬಕೆಟ್ ಮಣ್ಣು

ಮಾನ್ಯ ಜಡ್ಜ್ ಸಾಹೇಬರೇ,

ಈ ಬೇಸಿಗೆಯಲ್ಲಿ ತಾವು ಕೌಂಟಿಯ ಅಷ್ಟೂ ಗುಡ್ಡಗಳನ್ನು ಹತ್ತಿ ಇಳಿದಿರಿ, ಒಂದನ್ನು ಬಿಟ್ಟು. ಆ ಒಂದರ ಮೇಲೆ, ಗೇಹಾರ್ಟ್ ಮನೆತನದ ಸ್ಮಶಾನದಲ್ಲಿ, ಹೋದ ಅಕ್ಟೋಬರಿನಲ್ಲಿ ಮಣ್ಣು ಸೇರಿದ ಆರ್ವಿಲ್ ಗೇಹಾರ್ಟನ ಸಮಾಧಿ ಕುಸಿದು ಬಿದ್ದಿದೆ. ಅದನ್ನು ತುಂಬಲು ಆರು ಜನ ಆರು ಬಕೆಟ್ ಮಣ್ಣು ತರಬೇಕಿತ್ತು. ಐದು ಬಂದವು. ಆರನೆಯದನ್ನು ತರಬೇಕಾದವರು ತಾವು, ತರಲಿಲ್ಲ. ಇಷ್ಟೇ ನನ್ನ ದೂರು. ಮುಂದಿನದೆಲ್ಲ ವಿವರಣೆ, ಬಿಡುವಿದ್ದರೆ ಓದಬಹುದು. ತಮಗೆ ಬಿಡುವಿಲ್ಲವೆಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ದೂರು ಕೊಡುವವಳು ಯಾರೆಂದು ತಮ್ಮ ಕಚೇರಿ ಕೇಳುವುದುಂಟು, ಅದಕ್ಕೇ ಹೇಳುತ್ತೇನೆ. ನಾನು ಈ ಕೌಂಟಿಯ ಮತದಾರಳು. ಶಾಲೆಯ ಅಡುಗೆಮನೆಯಲ್ಲಿ ಈ ಊರಿನ ಎರಡು ತಲೆಮಾರಿಗೆ ಜೋಳದ ರೊಟ್ಟಿ, ಹುರುಳಿಕಾಯಿ ಬಡಿಸಿದವಳು. ಆರ್ವಿಲ್‌ನ ಬೆನ್ನಿಗೆ ಬಿದ್ದ ತಂಗಿ. ತಮ್ಮ ಹೆಂಡತಿಯೂ ಹೌದು. ಈ ಕೊನೆಯ ಸಂಗತಿ ತಮ್ಮ ಕಚೇರಿಯ ಯಾವ ವಿಭಾಗಕ್ಕೂ ಸೇರದ್ದರಿಂದ ಕೊನೆಯಲ್ಲಿ ಹೇಳಿದ್ದೇನೆ.

ಗಂಡನಿಗೆ ಹೇಳುವ ಮಾತನ್ನು ಪತ್ರಿಕೆಗೆ ಬರೆಯುತ್ತಾರೆಯೇ ಎಂದು ಓದುಗರು ಮೂಗಿನ ಮೇಲೆ ಬೆರಳಿಡಬಹುದು. ಇಡಲಿ. ಮನೆಯಲ್ಲಿ ನನ್ನ ಮಾತಿಗೆ ತಾವು ಕೊಡುವ ಉತ್ತರ "ಹ್ಞೂಂ." ಊಟದ ಮೇಜಿನ ಮೇಲೆ ಫೋನು ಬಡಿದುಕೊಂಡರೆ ಆ ಹ್ಞೂಂ ಕೂಡ ಅರ್ಧಕ್ಕೆ ನಿಲ್ಲುತ್ತದೆ. ಆದರೆ ಗುರುವಾರ ಈ ವಾರಪತ್ರಿಕೆ ಬಂದರೆ ಸಾಕು, ಓದುಗರ ಪತ್ರಗಳ ಪುಟವನ್ನೇ ಮೊದಲು ತೆರೆದು, ಕಾಫಿ ಆರಿ ತಣ್ಣಗಾದರೂ ಲೆಕ್ಕಿಸದೆ, ಒಂದೊಂದನ್ನೂ ಗಟ್ಟಿಯಾಗಿ ಓದುತ್ತೀರಿ. ಪತ್ರ ಬರೆದವರ ಮನೆ ಮುಂದೆ ಮುಂದಿನ ಗುರುವಾರದೊಳಗೆ ತಮ್ಮ ಟ್ರಕ್ಕು ನಿಂತಿರುತ್ತದೆ. ಪಕ್ಕದ ಮನೆಯ ಕತ್ತೆ ಪ್ರಾರ್ಥನೆಯ ಹೊತ್ತಿಗೇ ಅರಚುತ್ತದೆಂದು ಒಬ್ಬಾಕೆ ಬರೆದಾಗ ತಾವು ಖುದ್ದಾಗಿ ಹೋದಿರಿ, ಬೇಲಿಯ ಬಳಿ ಟೋಪಿ ತೆಗೆದು ನಿಂತು ಕತ್ತೆಯ ಅಹವಾಲನ್ನೂ ಕೇಳಿದಿರಿ. ಕತ್ತೆಗೆ ಸಿಕ್ಕ ಭಾಗ್ಯ ನನಗೂ ಸಿಗಲಿ ಎಂದು ಈ ಪತ್ರ.

ನನ್ನದು ಹೊಟ್ಟೆಕಿಚ್ಚು ಎಂದು ಮೊನ್ನೆ ಅಂದಿರಿ. ಹೌದು, ಹೊಟ್ಟೆಕಿಚ್ಚೇ. ನಾನೇನು ಅಲ್ಲವೆಂದೆನೇ? ಯಾವಳೋ ಒಬ್ಬ ಹೆಂಗಸಾಗಿದ್ದರೆ ಅವಳ ಮನೆ ಮುಂದೆ ನಿಂತು ನಾಲ್ಕು ಮಾತು ಅಂದು ಬರುತ್ತಿದ್ದೆ, ಅವಳ ಜಡೆಯೂ ನನ್ನ ಕೈಗೆ ಸಿಗುತ್ತಿತ್ತು. ನನ್ನ ಸವತಿಯರಿಗೆ ಜಡೆಯೇ ಇಲ್ಲವಲ್ಲ. ಸ್ಪೈಸ್‌ವುಡ್ ಹಳ್ಳದ ಮೋರಿ ನನ್ನ ಸವತಿ. ಜೈಲಿನ ಸೋರುವ ಸೂರು ನನ್ನ ಸವತಿ. ಕೆಟ್ಟು ನಿಂತ ಆಂಬುಲೆನ್ಸು, ಕಸದ ಲಾರಿ, ಮೇಲಿನ ಕೇರಿಯ ಬೀದಿನಾಯಿಗಳು, ಇವರೆಲ್ಲ ನನ್ನ ಸವತಿಯರು. ಆ ಮೋರಿ ಕಟ್ಟಿಕೊಂಡಿತೆಂದರೆ ತಾವು ಬಾಯಲ್ಲಿದ್ದ ತುತ್ತು ಬಿಟ್ಟು ಎದ್ದು ಹೋಗಿ ಮೊಣಕಾಲವರೆಗೆ ಕೆಸರಲ್ಲಿ ನಿಲ್ಲುತ್ತೀರಿ. ನಮ್ಮ ಅಡುಗೆಮನೆಯ ನೀರು ಹೋಗುವ ಕೊಳವೆ ಈಸ್ಟರಿನಿಂದ ಕಟ್ಟಿಕೊಂಡಿದೆ. ನಾನು ಪಾತ್ರೆ ತೊಳೆದ ನೀರನ್ನು ಹಿತ್ತಲಿಗೆ ಹೊತ್ತು ಹಾಕುತ್ತೇನೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಮಾತನ್ನು ಹಿರಿಯರು ಯಾರನ್ನು ನೋಡಿ ಕಟ್ಟಿದರೋ ಕಾಣೆ, ಅವರೂ ಓಟಿಗೆ ನಿಂತವರೇ ಇರಬೇಕು.

ತಮ್ಮನ್ನೊಬ್ಬರನ್ನೇ ಅಂದು ಫಲವಿಲ್ಲ, ಈ ಹುದ್ದೆಯ ಗುಣವೇ ಅಂಥದ್ದು. ಒಂದು ಕಾಲದಲ್ಲಿ ಈ ಕುರ್ಚಿಯಲ್ಲಿ ಕೂತವರು ನಿಜಕ್ಕೂ ನ್ಯಾಯ ಹೇಳುತ್ತಿದ್ದರು. ಆಮೇಲೆ ಕೆಂಟಕಿ ರಾಜ್ಯದವರು ಕಾನೂನು ತಿದ್ದಿ, ನ್ಯಾಯ ಹೇಳುವ ಕೆಲಸವನ್ನು ಬೇರೆ ಕೋರ್ಟುಗಳಿಗೆ ವಹಿಸಿ, ಕೌಂಟಿಯ ಆಡಳಿತವನ್ನು ಮಾತ್ರ ಕುರ್ಚಿಗೆ ಉಳಿಸಿದರು. ಜಡ್ಜ್ ಎಂಬ ಹೆಸರನ್ನು ಮಾತ್ರ ಕಿತ್ತುಕೊಳ್ಳಲಿಲ್ಲ. ಹೀಗಾಗಿ ಕಾನೂನಿನ ಪುಸ್ತಕವನ್ನು ಮೂಸಿಯೂ ನೋಡದ, ಮೊಳೆ, ಸರಪಳಿ, ಬಣ್ಣದ ಡಬ್ಬ ಮಾರಿಕೊಂಡಿದ್ದ ತಾವೂ ಜಡ್ಜ್ ಆದಿರಿ. ನ್ಯಾಯ ಹೋಯಿತು, ಜಡ್ಜ್ ಉಳಿದರು. ಇದರಲ್ಲಿ ವ್ಯಂಗ್ಯವೇನೂ ಇಲ್ಲ, ಇದ್ದದ್ದನ್ನು ಇದ್ದಂತೆ ಬರೆದಿದ್ದೇನೆ.

ಕೋರ್ಟು ಕಟ್ಟಡದ ಮೊಗಸಾಲೆಯಲ್ಲಿ ತಮ್ಮ ಹಿಂದಿನವರ ಪಟಗಳು ತೂಗುತ್ತಿವೆ. ಅವುಗಳ ಕೆಳಗೆ ನಾನು ಎಷ್ಟು ಸಲ ತಮಗಾಗಿ ಕಾಯುತ್ತ ಕೂತಿದ್ದೇನೆಂದರೆ ಅವರೆಲ್ಲ ಈಗ ನನಗೆ ನೆಂಟರಾಗಿದ್ದಾರೆ. ಒಬ್ಬರು ಓಟು ಕೊಟ್ಟವರ ಸ್ವಂತ ದಾರಿಗೆಲ್ಲ ಕೌಂಟಿಯ ಜಲ್ಲಿ ಸುರಿಸಿ, ತಾವೇ ರಿಬ್ಬನ್ ಕತ್ತರಿಸಿದ ಜೈಲಿಗೆ ತಾವೇ ಹೋಗಿ ಕೂತವರು. ಇನ್ನೊಬ್ಬರು ಯಾರ ದಾರಿಗೂ ಒಂದು ಕಲ್ಲು ಹಾಕದ ಸತ್ಯವಂತರು. ಜನ ಅವರನ್ನು ಒಂದೇ ಅವಧಿಗೆ ಮನೆಗೆ ಕಳಿಸಿದರು, ಅವರ ಪಟ ಕಕ್ಕಸಿನ ಬಾಗಿಲ ಪಕ್ಕಕ್ಕಿದೆ. ಮೂರನೆಯವರು, ಊರೆಲ್ಲ ಅತ್ತೆ ಎಂದೇ ಕರೆಯುವ ಓಝೆಲಾ ಅತ್ತೆಯ ಯಜಮಾನರು. ನಾಲ್ಕು ಸಲ ಗೆದ್ದರು. ಐದನೆಯ ಸಲ ಮತಪತ್ರದಲ್ಲಿ ಹೆಸರು ಅಚ್ಚಾದ ಮೇಲೆ ತೀರಿಕೊಂಡರು, ಜನ ಗೊತ್ತಿದ್ದೂ ಅವರಿಗೇ ಒತ್ತಿದರು, ಸತ್ತ ಮೇಲೂ ಗೆದ್ದರು. ಆ ಖಾಲಿ ಕುರ್ಚಿಗೆ ನಡೆದ ಮರುಚುನಾವಣೆಯಲ್ಲೇ ತಾವು ಬಂದದ್ದು. ಆ ಗೋಡೆಯ ಮೇಲೆ ಇವರಲ್ಲಿ ಒಬ್ಬರ ಹೆಂಡತಿಯ ಪಟವೂ ಇಲ್ಲ. ಜಲ್ಲಿಯವರ ಹೆಂಡತಿ ವಾರವಾರ ಜೈಲಿಗೆ ಬುತ್ತಿ ಹೊತ್ತವಳು. ಅವಳಿಗೆ ಒಂದು ಮೊಳೆಯ ಜಾಗವನ್ನಾದರೂ ಕೊಡಬಹುದಿತ್ತು.

ತಾವು ಬಂದದ್ದು ಎಂದೆ. ಬಂದಿರಾ, ಕರೆತಂದರಾ? ತಮಗೆ ಆಗ ನಾಲ್ಕು ಜನರೆದುರು ನಿಂತರೆ ಗಂಟಲು ಕಟ್ಟುತ್ತಿತ್ತು. ಊರೂರು ತಿರುಗಿದವನು ಆರ್ವಿಲ್. ಗಣಿಯ ಧೂಳು ತುಂಬಿಕೊಂಡ ಎದೆ ಅವನದು. ಹತ್ತು ಹೆಜ್ಜೆ ನಡೆದರೆ ಬೇಲಿಗೆ ಒರಗಿ ಉಸಿರು ಹಿಡಿಯಬೇಕು. ಅಂಥವನು ಒಂದೊಂದು ಕಣಿವೆಯ ಒಂದೊಂದು ಜಗಲಿಯನ್ನೂ ಹತ್ತಿದ. ಹತ್ತಿ, ಕೂತು, ದಮ್ಮು ಕಟ್ಟಿದ್ದು ಇಳಿದ ಮೇಲೆ ಒಂದೇ ಮಾತು ಹೇಳುತ್ತಿದ್ದ.

"ನಮ್ ಬಾವಂಗೊಂದ್ ಓಟ್ ಹಾಕ್ರಪ್ಪ. ಭಾಷಣ ಗೀಷಣ ಬರಲ್ಲ ಅವ್ನಿಗೆ. ಆದ್ರೆ ಕರೆದ್ರೆ ಬರ್ತಾನೆ."

ಆ ಮಾತನ್ನೇ ತಾವು ಫಲಕಗಳ ಮೇಲೆ ಬರೆಸಿದಿರಿ: ಕರೆದರೆ ಬರುವವನು. ಈಗಲೂ ರಸ್ತೆಯ ಪಕ್ಕ ಆ ಫಲಕಗಳಿವೆ, ಈ ನವೆಂಬರಿನ ಚುನಾವಣೆಗೆ ಮತ್ತೆ ಬಣ್ಣ ಬಳಿಸಿದ್ದೀರಿ. ಗೇಹಾರ್ಟ್ ಗುಡ್ಡಕ್ಕೆ ತಿರುಗುವ ಕಡೆ ಒಂದು ನೆಟ್ಟಿದೆ. ನಾನು ಸ್ಮಶಾನಕ್ಕೆ ಹೋಗುವಾಗಲೆಲ್ಲ ಅದನ್ನು ಓದಿಕೊಂಡೇ ಹೋಗಬೇಕು.

ನಮ್ಮ ಗುಡ್ಡದ ಪದ್ಧತಿಯನ್ನು ತಮಗೆ ಹೇಳಿಕೊಡಬೇಕಾಗಿ ಬಂದದ್ದು ನನ್ನ ಕರ್ಮ. ಸಮಾಧಿ ಸಿಂಗಾರದ ಭಾನುವಾರ ಎಲ್ಲ ಮನೆತನಕ್ಕೂ ಇದೆ. ಹುಲ್ಲು ಕಿತ್ತು, ಹೂವಿಟ್ಟು, ಹಾಡಿ, ಮರದಡಿ ಉದ್ದ ಮೇಜು ಹಾಕಿ ಉಣ್ಣುತ್ತೇವೆ. ಆದರೆ ನಮ್ಮಲ್ಲಿ ಇನ್ನೊಂದಿದೆ. ಹೊಸ ಸಮಾಧಿ ಮೊದಲ ಚಳಿಗಾಲಕ್ಕೆ ಕುಸಿಯುತ್ತದೆ. ಅದನ್ನು ತುಂಬಬೇಕಾದವರು ಶವಕ್ಕೆ ಹೆಗಲು ಕೊಟ್ಟ ಆರು ಜನ. ಒಬ್ಬೊಬ್ಬರೂ ತಮ್ಮ ಸ್ವಂತ ಹಿತ್ತಲ ಮಣ್ಣನ್ನು ಒಂದು ಬಕೆಟ್ಟಿನಲ್ಲಿ ಹೊತ್ತು ತಂದು ಸುರಿಯಬೇಕು. ಒಬ್ಬರ ಬದಲಿಗೆ ಇನ್ನೊಬ್ಬರು ತರುವ ಹಾಗಿಲ್ಲ. ಆರೂ ಬಿದ್ದು ನೆಲ ಸಮವಾಗುವ ತನಕ ಕಲ್ಲು ನಿಲ್ಲಿಸುವುದಿಲ್ಲ, ಹೂವಿಡುವುದಿಲ್ಲ. ಹೆಗಲು ಕೊಟ್ಟವನ ಕೆಲಸ ಹೂಳಿದ ದಿನಕ್ಕೇ ಮುಗಿಯಿತು ಎಂದು ನಮ್ಮ ಅಜ್ಜಂದಿರು ತಿಳಿದಿರಲಿಲ್ಲ. ಅಕ್ಟೋಬರಿನಲ್ಲಿ ಮುಂದಿನ ಬಲ ಮೂಲೆಗೆ ಹೆಗಲು ಕೊಟ್ಟವರು ತಾವು. ಇಳಿಜಾರಿನಲ್ಲಿ ಕಾಲು ಜಾರಿದರೂ ಬಿಡಲಿಲ್ಲ, ಬಿಕ್ಕಿ ಬಿಕ್ಕಿ ಅತ್ತಿರಿ. ಅವತ್ತು ತಮ್ಮ ಮೇಲೆ ನನಗಿದ್ದ ಪ್ರೀತಿಯನ್ನು ಇಲ್ಲಿ ಬರೆಯುವುದಿಲ್ಲ.

ಆ ಭಾನುವಾರ ಬಂತು. ಬೆಳಿಗ್ಗೆ ನಾನು ಬಕೆಟ್ಟನ್ನು ತೊಳೆದು ಮೆಟ್ಟಿಲ ಬಳಿ ಇಟ್ಟೆ.

"ರೀ, ಬಕೆಟ್ ಇಟ್ಟಿದ್ದೀನಿ. ಮಣ್ಣು ಮಾತ್ರ ನೀವೇ ಅಗೀಬೇಕು."

ತಾವು ಕನ್ನಡಿ ಮುಂದೆ ಒಳ್ಳೆಯ ಅಂಗಿಯ ಗುಂಡಿ ಹಾಕುತ್ತಿದ್ದಿರಿ. "ಇವತ್ತಾಗಲ್ಲ ಕಣೆ. ಬ್ಯಾಲೆಂಜರ್‌ನೋರ ಗುಡ್ಡಕ್ಕೆ ಹೋಗ್ಬೇಕು. ಹೋದ ವಾರ ಮಳೆ ಬಂತು ಅಂತ ಅವ್ರ ಸಮಾಧಿ ಸಿಂಗಾರಾನೂ ಇವತ್ತಿಗೇ ಹಾಕ್ಕೊಂಡಿದ್ದಾರೆ. ಟಾಲಿವರ್ ತಾನಾಗೇ ಕರೆದಿದ್ದಾನೆ, ಗೊತ್ತಾ? ಆ ಮನೆತನದಲ್ಲಿ ನಂಗೆ ಇದುವರೆಗೆ ಒಂದ್ ಓಟೂ ಬಿದ್ದಿಲ್ಲ."

"ಮತ್ತೆ ಆರ್ವಿಲ್?"

"ಆರ್ವಿಲ್ ಎಲ್ಲಿಗೆ ಹೋಗ್ತಾನೆ? ಅಲ್ಲೇ ಇರ್ತಾನೆ. ಮುಂದಿನ ವಾರ ಹಾಕಿದ್ರಾಯ್ತು."

"ನಮ್ಮೋರೆಲ್ಲ ಕಾಯ್ತಾರೆ ಕಣ್ರೀ."

"ನಿಮ್ಮೋರು ಅರ್ಥ ಮಾಡ್ಕೋತಾರೆ ಬಿಡು. ನಿಮ್ಮೋರ ಓಟು ಎಲ್ಲಿಗೂ ಓಡಿ ಹೋಗಲ್ಲ."

ಸಾಹೇಬರೇ, ತಾವು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನಗುತ್ತಲೇ ಹೇಳಿದಿರಿ, ನನ್ನ ಕೆನ್ನೆ ತಟ್ಟಿ ಹೋದಿರಿ. ಅದೇ ನನಗೆ ಹೆಚ್ಚು ಉರಿದದ್ದು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಹಿತ್ತಲ ಗಿಡ ಗಿಡವೂ ಅಲ್ಲ.

ಗುಡ್ಡದ ಮೇಲೆ ಐವರು ಐದು ಬಕೆಟ್ ಸುರಿದು, ಅಂಗೈ ಒರೆಸಿಕೊಂಡು ನಿಂತರು. ಪಾದ್ರಿ ಹಾಡಿನ ಪುಸ್ತಕ ಮುಚ್ಚಿ ಹಿಡಿದುಕೊಂಡಿದ್ದರು. ಆರ್ವಿಲ್‌ನ ಹೆಂಡತಿ, ನನ್ನ ಅತ್ತಿಗೆ ಕ್ಲೆಟಾ, ತಾನೇ ಬೆಳೆಸಿದ ಪಿಯೋನಿ ಹೂಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಗುವಿನಂತೆ ಎತ್ತಿಕೊಂಡಿದ್ದಳು. ಕೋಳಿ ಸಾರು ಆರಿತು. ಬಿಸಿಲಿಗೆ ಬಾಳೆಹಣ್ಣಿನ ಪುಡಿಂಗು ನೀರೊಡೆಯಿತು.

"ವೆಲ್ಡಾ, ಜಡ್ಜ್ ಎಲ್ಲಮ್ಮ?" ಎಂದರು ಪಾದ್ರಿ.

"ಬರ್ತಾರೆ," ಅಂದೆ. ಸುಳ್ಳು ಹೇಳಿದೆ, ಅದೂ ಸ್ಮಶಾನದಲ್ಲಿ, ಅದೂ ತಮಗೋಸ್ಕರ.

ನನ್ನ ಚಿಕ್ಕಪ್ಪನ ಮಗನೊಬ್ಬ ಬಾಯಿ ಬಿಟ್ಟ. "ಕರೆದ್ರೆ ಬರ್ತಾನೆ ಅಂತ ಬೋರ್ಡಿದ್ಯಲ್ಲ ಕೆಳಗೆ. ಯಾರಾದ್ರೂ ಕರೆದ್ರೋ ಇಲ್ವೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ? ಕ್ಲೆಟಾ ಮಾತ್ರ ನಗಲಿಲ್ಲ. "ಕರೆದಿದ್ದೋನು ಇಲ್ಲಿ ಮಲಗಿದಾನಲ್ಲಪ್ಪ," ಅಂದಳು. ಹೂಗಳನ್ನು ಅವಳು ಹಾಗೆಯೇ ಮನೆಗೆ ಹೊತ್ತುಕೊಂಡು ಹೋದಳು. ಕೊರೆಸಿಟ್ಟ ಕಲ್ಲು ಅವಳ ಕೊಟ್ಟಿಗೆಯಲ್ಲಿ ಗೋಣಿ ಹೊದ್ದು ಮಲಗಿದೆ.

ಸಂಜೆ ತಾವು ಬಂದಿರಿ, ಮುಖ ಅರಳಿತ್ತು. "ಬ್ಯಾಲೆಂಜರ್ ಹೆಂಗಸರು ಒಣಸೇಬಿನ ಕೇಕ್ ಮಾಡಿದ್ರು ಕಣೆ, ಪದರ ಪದರ, ಬಾಯಲ್ಲಿಟ್ರೆ ಕರಗೋಗುತ್ತೆ!" ಎಂದಿರಿ. ಅದೇ ಕೇಕನ್ನು ನಾನೂ ಮಾಡಿದ್ದೆ. ಪದರಗಳೂ ಅಷ್ಟೇ ಇದ್ದವು. ಮೇಜಿನ ಮೇಲೆ ಮುಚ್ಚಿಟ್ಟಿತ್ತು, ತಾವು ಅದರ ಮೇಲೇ ಟೋಪಿ ಇಟ್ಟಿರಿ.

ಗುರುವಾರ ಪತ್ರಿಕೆ ಬಂತು. ಮೊದಲ ಪುಟದಲ್ಲಿ ತಾವು. ತೋಳು ಮಡಚಿ, ಗುದ್ದಲಿ ಎತ್ತಿ, ಮಿಂಟಾ ಬ್ಯಾಲೆಂಜರ್ ಎಂಬ ಹಿರಿಯಜ್ಜಿಯ ಸಮಾಧಿಗೆ ಮಣ್ಣು ಎಳೆಯುತ್ತಿರುವ ಚಿತ್ರ. ಸುತ್ತ ಇಡೀ ಮನೆತನ ಹಲ್ಲು ಬಿಟ್ಟು ನಿಂತಿದೆ. ಆ ಅಜ್ಜಿ ಸತ್ತಾಗ ತಾವು ಹುಟ್ಟಿರಲೂ ಇಲ್ಲ. ನಾನು ಕನ್ನಡಕ ಹಾಕಿಕೊಂಡು ಮತ್ತೆ ನೋಡಿದೆ. ಗುದ್ದಲಿಯ ಹಿಡಿಗೆ ಕಪ್ಪು ಪಟ್ಟಿ ಸುತ್ತಿತ್ತು. ಹಿಡಿ ಸೀಳಿದಾಗ ಆರ್ವಿಲ್ ಹಳೆಯ ಸೈಕಲ್ ಟ್ಯೂಬು ಸೀಳಿ ಬಿಗಿಯಾಗಿ ಸುತ್ತಿದ್ದ. ಅದು ಅವನ ಗುದ್ದಲಿ. ಅವನು ತೀರಿಕೊಂಡ ಮೇಲೆ ಕ್ಲೆಟಾ ಅದನ್ನು ತಮಗೇ ಕೊಟ್ಟಿದ್ದಳು, ತಾವದನ್ನು ಟ್ರಕ್ಕಿನಲ್ಲೇ ಇಟ್ಟುಕೊಂಡಿದ್ದಿರಿ.

ಈಗ ಹೇಳಿ, ನಾನು ಯಾರ ಮೇಲೆ ಹೊಟ್ಟೆಕಿಚ್ಚು ಪಡಬೇಕು? ನಾನು ಪಟ್ಟದ್ದು ಮಿಂಟಾ ಅಜ್ಜಿಯ ಮೇಲೆ. ಮೂಳೆಯೂ ಉಳಿದಿರದ ಆ ಮುದುಕಿಯ ಮೇಲೆ. ಅವಳ ನೆಲ ಸಮವಾಯಿತು, ಅವಳಿಗೆ ಹೂವು ಬಿತ್ತು, ನನ್ನ ಅಣ್ಣನ ಗುದ್ದಲಿಯಿಂದ, ನನ್ನ ಗಂಡನ ಕೈಯಿಂದ. ಅವಳ ಪುಣ್ಯ ನೋಡಿ ನನ್ನ ಹೊಟ್ಟೆಯಲ್ಲಿ ಕೆಂಡ ಉರುಳಿತು. ನಾಚಿಕೆಯಾಗುವುದಿಲ್ಲವೇ ಎಂದರೆ, ಆಗುತ್ತದೆ. ಆದರೂ ಉರಿಯುತ್ತದೆ.

ಮುಂದಿನ ವಾರ ಎಂದಿದ್ದಿರಲ್ಲ, ಮುಂದಿನ ವಾರ ಇನ್ನೊಂದು ಗುಡ್ಡ. ಅದರ ಮುಂದಿನ ವಾರ ಮತ್ತೊಂದು. ಬಕೆಟ್ಟು ಮೆಟ್ಟಿಲ ಬಳಿಯೇ ಇತ್ತು, ತಾವು ಅದನ್ನು ದಾಟಿ ದಾಟಿ ಹೋದಿರಿ. ನಾನು ತಡೆಯಲಾರದೆ ಓಝೆಲಾ ಅತ್ತೆಯ ಮನೆಗೆ ಹೋದೆ. ಜಡ್ಜ್‌ನ ಹೆಂಡತಿಯ ಸಂಕಟವನ್ನು ಈ ಕೌಂಟಿಯಲ್ಲಿ ಅರಿತವರು ಅವರೊಬ್ಬರೇ. ಜಗಲಿಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ನನ್ನ ಮಡಿಲಿಗೂ ಒಂದು ಹಿಡಿ ಸುರಿದರು.

"ನಿನ್ ಗಂಡ ಬದುಕಿದ್ದಾನಲ್ಲೇ, ಸುಮ್ನಿರು," ಅಂದರು. "ನಮ್ ಯಜಮಾನ್ರು ಹೋದಾಗ ಏನಾಯ್ತು ಗೊತ್ತಾ? ಕೋರ್ಟ್ ಮೆಟ್ಟಿಲಿಂದ ಪೆಟ್ರೋಲ್ ಬಂಕ್‌ವರೆಗೂ ಸಾಲು. ನಾನು ಸ್ವಲ್ಪ ಕಾಫಿ ಕುಡಿದು ಬರೋಣ ಅಂತ ಹೊರಗೆ ಹೋದೆ. ವಾಪಸ್ ಬಂದ್ರೆ ಒಳಗೆ ಹೋಗೋಕೆ ಜಾಗ ಇಲ್ಲ. ನಾನೂ ಸಾಲಲ್ಲೇ ನಿಂತೆ ಕಣೆ, ನನ್ ಗಂಡನ್ನ ನೋಡೋಕೆ. ಮುಂದಿದ್ದೋನು ತಿರುಗಿ ಕೇಳ್ದ, ನಿಮ್ಗೆ ಯಾವ ರಸ್ತೆ ಮಾಡಿಸ್ಕೊಟ್ಟಿದ್ರಮ್ಮ ಅಂತ."

"ನೀವೇನಂದ್ರಿ ಅತ್ತೆ?"

"ಇನ್ನೂ ಮಾಡಿಸ್ಕೊಟ್ಟಿಲ್ಲಪ್ಪ ಅಂದೆ." ಇಬ್ಬರೂ ನಕ್ಕೆವು, ಬುಟ್ಟಿ ಮಗುಚುವಷ್ಟು ನಕ್ಕೆವು. ಆಮೇಲೆ ಅವರು ಕಣ್ಣೊರೆಸಿಕೊಂಡು ಹೇಳಿದರು: "ಮನೇಲಿ ಹೇಳಿದ್ದು ಇವ್ರ ಕಿವಿಗೆ ಬೀಳಲ್ಲ ಮಗಳೇ. ಸಭೇಲಿ ಕೇಳು. ಹೆಸರು ಬರೆಸಿ ಕೇಳು."

ಕೇಳಿದೆ. ಕೌಂಟಿ ಸಭೆಯಲ್ಲಿ ಸಾರ್ವಜನಿಕರಿಗೆ ಮೂರು ನಿಮಿಷ ಮಾತಾಡಲು ಬಿಡುತ್ತೀರಲ್ಲ, ನಾನೂ ಸರದಿಯಲ್ಲಿ ಎದ್ದು ನಿಂತೆ. ತಾವು ತಲೆ ಎತ್ತದೆಯೇ, "ಹೆಸರು, ವಿಳಾಸ ಹೇಳಿ," ಎಂದಿರಿ.

"ಹೆಸರು ವೆಲ್ಡಾ. ವಿಳಾಸ ತಮ್ಮದೇ," ಅಂದೆ.

ಸಭೆ ಗೊಳ್ಳೆಂದಿತು. ತಮ್ಮ ಕಿವಿ ಕೆಂಪಾದದ್ದು ಹಿಂದಿನ ಬೆಂಚಿಗೂ ಕಂಡಿತು. ನಾನು ಸಮಾಧಿಯ ವಿಷಯ ಹೇಳಿದೆ. ತಾವು ಗಂಟಲು ಸರಿಮಾಡಿಕೊಂಡು, "ಖಾಸಗಿ ಸ್ಮಶಾನದ ಕೆಲ್ಸಕ್ಕೆ ಕೌಂಟಿ ಕೈ ಹಾಕೋ ಹಾಗಿಲ್ಲಮ್ಮ. ಕಾನೂನಿದೆ," ಎಂದಿರಿ. ಅಮ್ಮ ಎಂದಿರಿ ಸಾಹೇಬರೇ, ನನ್ನನ್ನು!

"ಬ್ಯಾಲೆಂಜರ್ ಸ್ಮಶಾನ ಯಾವ ಸರ್ಕಾರದ್ದು ಸ್ವಾಮಿ?"

"ಅದಕ್ಕೆ ನಾನು... ಅದು ಖಾಸಗಿಯಾಗಿ ಹೋಗಿದ್ದು."

"ನಮ್ ಗುಡ್ಡಕ್ಕೂ ಖಾಸಗಿಯಾಗೇ ಬನ್ನಿ ಅಂತ ಕೇಳ್ತಿರೋದು."

ಹಿಂದಿನಿಂದ ಟಾಲಿವರ್ ಬ್ಯಾಲೆಂಜರ್ ಕೂಗಿದ: "ಹೋಗ್ಬನ್ನಿ ಜಡ್ಜೇ! ನಮ್ಮಜ್ಜಿ ಏನೂ ಅಂದ್ಕೊಳ್ಳಲ್ಲ!" ಮತ್ತೆ ನಗು. ತಾವು ಮರದ ಸುತ್ತಿಗೆ ಕುಟ್ಟಿ, "ನಿಮ್ಮ ಮೂರು ನಿಮಿಷ ಮುಗೀತು," ಎಂದಿರಿ. ಮನೆಗೆ ಬಂದ ಮೇಲೆ, ಊರ ಮುಂದೆ ಮರ್ಯಾದೆ ತೆಗೆದೆ, ನಿನಗೆ ನನ್ನ ಹುದ್ದೆಯ ಮೇಲೇ ಹೊಟ್ಟೆಕಿಚ್ಚು ಎಂದಿರಿ. ಮೊನ್ನೆ ಅಂದಿರಿ ಎಂದು ಮೇಲೆ ಬರೆದದ್ದು ಇದನ್ನೇ.

ಆ ದಿನದಿಂದ ನಾನು ಒಂದು ವಿಷಯ ಯೋಚಿಸುತ್ತಿದ್ದೇನೆ. ಆರ್ವಿಲ್ ಬದುಕಿದ್ದಾಗ ಪ್ರತಿ ಸಂಜೆ ಫೋನು ಮಾಡುತ್ತಿದ್ದ. "ಏನ್ ಜಡ್ಜಪ್ಪ, ಇವತ್ತು ಯಾರ್ಯಾರ ಕೈಲಿ ಬೈಸ್ಕೊಂಡೆ?" ಅನ್ನುತ್ತಿದ್ದ. ತಾವು ದಿನವಿಡೀ ನುಂಗಿದ್ದನ್ನೆಲ್ಲ ಅವನಿಗೆ ಕಕ್ಕುತ್ತಿದ್ದಿರಿ, ಇಬ್ಬರೂ ನಗುತ್ತಿದ್ದಿರಿ. ಆಮೇಲೆ ತಾವು ಫೋನು ಆರಿಸಿ, ನನ್ನ ಪಕ್ಕ ಬಂದು ಕೂರುತ್ತಿದ್ದಿರಿ. ಅಕ್ಟೋಬರಿನಿಂದ ತಾವು ಫೋನು ಆರಿಸಿಲ್ಲ. ಯಾರು ಕರೆದರೂ ಎದ್ದು ಓಡುತ್ತೀರಿ, ಆ ಒಬ್ಬನು ಇನ್ನು ಕರೆಯುವುದಿಲ್ಲವೆಂದು. ಮಿಂಟಾ ಅಜ್ಜಿಯ ಸಮಾಧಿಗೆ ಅಷ್ಟು ಹುರುಪಿನಿಂದ ಗುದ್ದಲಿ ಹಾಕಿದಿರಲ್ಲ, ಅದು ನೋಯಿಸದ ಸಮಾಧಿ ಎಂದೇ ಇರಬೇಕು. ನಾನು ದಡ್ಡಿಯಲ್ಲ ಸಾಹೇಬರೇ, ಇದು ನನಗೆ ತಿಳಿಯುತ್ತದೆ. ತಿಳಿದರೂ ಕ್ಷಮಿಸಲು ಮನಸ್ಸು ಬರುತ್ತಿಲ್ಲ. ಅವನು ನನಗೂ ಅಣ್ಣ. ನನಗೆ ಓಡಿಹೋಗಲು ಕೌಂಟಿ ಇಲ್ಲ.

ಇನ್ನೊಂದು ಸಂಗತಿಯನ್ನು ತಮ್ಮ ಗಮನಕ್ಕೆ ತರಬೇಕು. ನವೆಂಬರಿನಲ್ಲಿ ತಮ್ಮೆದುರು ನಿಂತಿರುವ ಅಭ್ಯರ್ಥಿ ಹೋದ ವಾರ ನಮ್ಮ ಮನೆಗೆ ಬಂದಿದ್ದರು. ಮನೆ ತಪ್ಪಿ ಬಂದಿರಬೇಕು ಎಂದುಕೊಂಡೆ. ಅಲ್ಲ. "ಅಮ್ಮಾವ್ರೇ, ನಿಮ್ ಓಟು ಕೇಳೋಕೆ ಬಂದೆ," ಎಂದರು. ಇಷ್ಟು ವರ್ಷಗಳಲ್ಲಿ ನನ್ನ ಓಟನ್ನು ಬಾಯಿಬಿಟ್ಟು ಕೇಳಿದವರು ಅವರೇ ಮೊದಲಿಗರು. ಕಾಫಿ ಕೊಟ್ಟೆ. ಒಣಸೇಬಿನ ಕೇಕು ಕೊಟ್ಟೆ, ಎರಡು ಸಲ ಹಾಕಿಸಿಕೊಂಡರು. ಗೋಡೆಯ ಮೇಲಿನ ಪಟ ನೋಡಿ, ನಿಮ್ಮಣ್ಣನಾ, ಹೇಗಿದ್ರು ಎಂದು ಕೇಳಿದರು. ನಾನು ಹೇಳುತ್ತಾ ಹೋದೆ. ನಡುವೆ ಅವರ ಫೋನು ಬಡಿದುಕೊಂಡಿತು, ನೋಡಿ ಜೇಬಿಗೆ ಹಾಕಿಕೊಂಡರು. ಈ ಸಾಲು ಓದುವಾಗ ತಮ್ಮ ಹೊಟ್ಟೆಯಲ್ಲಿ ಏನಾದರೂ ಉರಿದರೆ, ಅದರ ಹೆಸರು ತಮಗೆ ಗೊತ್ತೇ ಇದೆ. ಅವರಿಗೆ ಓಟು ಕೊಡುತ್ತೇನೆಂದು ನಾನು ಮಾತು ಕೊಟ್ಟಿಲ್ಲ. ಕೊಡುವುದಿಲ್ಲವೆಂದೂ ಹೇಳಿಲ್ಲ.

ಈಗ ಬೇಡಿಕೆ. ಈ ಭಾನುವಾರ ಬೆಳಿಗ್ಗೆ ಗೇಹಾರ್ಟ್ ಗುಡ್ಡಕ್ಕೆ ಬನ್ನಿ. ಕೌಂಟಿಯ ಮುದ್ರೆಯಿರುವ ಟ್ರಕ್ಕು ಬೇಡ, ನಡೆದು ಬನ್ನಿ. ಯಾರ ಕೈಯನ್ನೂ ಕುಲುಕಬೇಡಿ. ಈ ಪತ್ರಿಕೆಯ ಸಂಪಾದಕರೂ ದಯವಿಟ್ಟು ಕ್ಯಾಮೆರಾ ಕಳಿಸಬಾರದು. ಫೋನನ್ನು ಮನೆಯಲ್ಲಿಟ್ಟು, ಗುದ್ದಲಿಯನ್ನು ತನ್ನಿ, ಅದು ಅದರ ಯಜಮಾನನನ್ನು ನೋಡಿ ಬಹಳ ದಿನವಾಯಿತು.

ಬಕೆಟ್ಟು ಮೆಟ್ಟಿಲ ಬಳಿ ಇಲ್ಲವಲ್ಲ ಎಂದು ತಾವು ಗಮನಿಸಿರಲಾರಿರಿ. ಅದು ಗುಡ್ಡದ ಮೇಲಿದೆ. ನಮ್ಮ ಹಿತ್ತಲು ನಮ್ಮಿಬ್ಬರ ಹೆಸರಿನಲ್ಲೂ ಇರುವುದರಿಂದ ಅರ್ಧ ಮಣ್ಣು ನನ್ನದು. ನನ್ನ ಪಾಲಿನ ಕಡೆಯಿಂದ ಅಗೆದು, ಅರ್ಧ ಬಕೆಟ್ ಹೊತ್ತುಕೊಂಡು ಹೋಗಿ ಅಣ್ಣನ ಮೇಲೆ ಸುರಿದು ಬಂದಿದ್ದೇನೆ. ಹೆಂಗಸು ಸುರಿಯಬಹುದೇ ಎಂದು ನಮ್ಮ ಹಿರಿಯರು ಕೇಳಲಿಲ್ಲ, ನನ್ನ ಮುಖ ನೋಡಿ ದಾರಿ ಬಿಟ್ಟರು. ನೆಲ ಸಮವಾಗಲು ಇನ್ನು ಅರ್ಧ ಬಕೆಟ್ ಬೇಕು. ಆ ಅರ್ಧ ತಮ್ಮ ಪಾಲಿನಿಂದಲೇ ಬರಬೇಕು, ಅದನ್ನು ನಾನು ಅಗೆಯುವುದಿಲ್ಲ, ಯಾವುದರಲ್ಲಾದರೂ ತುಂಬಿ ತಾವೇ ಹೊತ್ತು ತನ್ನಿ. ಕ್ಲೆಟಾ ಹೂ ಹಿಡಿದು ನಿಂತಿರುತ್ತಾಳೆ.

ಕರೆದಿದ್ದೇನೆ. ಬನ್ನಿ.

ಇಂತಿ,
ಎಲ್ಲಿಗೂ ಓಡಿ ಹೋಗದೆಂದು ತಾವು ನಂಬಿಕೊಂಡಿರುವ ಓಟು,
ವೆಲ್ಡಾ ಗೇಹಾರ್ಟ್
(ಮದುವೆಗೆ ಮುಂಚಿನ ಹೆಸರು. ಭಾನುವಾರದವರೆಗೆ ಇದೇ ಇರಲಿ.)